ಸದ್ದು ಓಕೆ, ದಡ್ಡತನ ಯಾಕೆ?

ಸಿನಿಮಾಗಳಲ್ಲಿನ ತಪ್ಪುಗಳ ಬಗೆಗಿನ ನಿಮ್ಮ ಲೇಖನದಲ್ಲಿ, ಸಿನಿಮಾದಲ್ಲಿ ಲಾಜಿಕ್ ಹುಡುಕಬಾರದು ಅಂತ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ಬಾಹ್ಯಾಕಾಶದಲ್ಲಿ ಸದ್ದು ಸಾಗಲು ಗಾಳಿಯೇ ಇಲ್ಲ, ಆದರೂ ನೌಕೆ ಸಿಡಿದರೆ ಢಂ ಅನ್ನುತ್ತದೆ. ಇರಲಿ ಬಿಡಿ, ಸದ್ದಿಲ್ಲದಿದ್ದರೆ ಮಜಾ ಎಲ್ಲಿ? ನನಗೆ ಸಿಟ್ಟು ಬರುವುದು ಪಾತ್ರಗಳು ಇದ್ದಕ್ಕಿದ್ದಂತೆ ದಡ್ಡರಾದಾಗ. ಇಂಟರ್‌ವಲ್‌ವರೆಗೆ ಇಡೀ ಪೊಲೀಸ್ ಪಡೆಗೆ ಚಳ್ಳೆಹಣ್ಣು ತಿನ್ನಿಸಿದ ವಿಲನ್, ಕೊನೆಗೆ ಹೀರೋನ ಕಟ್ಟಿಹಾಕಿ, ತನ್ನ ಪ್ಲ್ಯಾನ್ ಪೂರ್ತಿ ಹೇಳಿ, ಕಾವಲಿಗೆ ಒಬ್ಬ ನಿದ್ದೆಬುರುಕನನ್ನು ಬಿಟ್ಟು ಹೋಗುತ್ತಾನೆ! ಒಂದು ಫೋನ್ ಮಾಡಿದ್ದರೆ ಮುಗಿಯುವ ಜಗಳವನ್ನು ಎರಡು ಗಂಟೆ ಎಳೆಯುವುದೂ ಅಷ್ಟೇ. ಇದು ವಿಜ್ಞಾನದ ತಪ್ಪಲ್ಲ, ಬರೆದವರ ಸೋಮಾರಿತನ ಅಲ್ವಾ?

ಅಂದ ಹಾಗೆ, ಹೃದಯದ ಬಡಿತ ತೋರಿಸುವ ಇಸಿಜಿ ಗೆರೆ ನೇರವಾದ ಮೇಲೆ ಎದೆಗೆ ಶಾಕ್ ಕೊಟ್ಟು ಬದುಕಿಸುವ ಸೀನ್ ನೀವು ಹೇಳಲೇ ಇಲ್ಲ. ಪೂರ್ತಿ ನಿಂತ ಹೃದಯಕ್ಕೆ ಆ ಶಾಕ್ ಕೆಲಸ ಮಾಡುವುದಿಲ್ಲ. ಎದೆ ಒತ್ತಬೇಕು, ಔಷಧಿ ಕೊಡಬೇಕು.