ಸ್ಟೀರಿಂಗ್ ಇಲ್ಲದ ಭಾನುವಾರ

ಬೆಂಗಳೂರಲ್ಲಿ ರಸ್ತೆ ಬದಿ ಕಾರಿನ ಬಾನೆಟ್ ಎತ್ತಿದರೆ ಇಬ್ಬರು ನಿಂತು ನೋಡುತ್ತಾರೆ. ಸ್ಟೀರಿಂಗ್ ಬಿಚ್ಚಿ ಕಾರಿನ ಟಾಪ್ ಮೇಲಿಟ್ಟರೆ ಇಡೀ ಬೀದಿಯೇ ನಿಲ್ಲುತ್ತದೆ. ಹನುಮಂತನಗರದ ನಮ್ಮ ಬೀದಿಯ ಮಟ್ಟಿಗಂತೂ ಇದನ್ನು ಬರೆದು ಕೊಡಬಲ್ಲೆ.

ಬಿಚ್ಚಿದವನು ನಾನಲ್ಲ, ನನ್ನ ಬಾಮೈದ. ಮೊಬೈಲಿನಲ್ಲಿ ವಿಡಿಯೋ ನೋಡಿ ರಿಪೇರಿ ಕಲಿಯುತ್ತಾನೆ. ಕಲಿತದ್ದನ್ನು ಪ್ರಯೋಗ ಮಾಡುವುದು ಮಾತ್ರ ಅಕ್ಕನ ಮನೆಯಲ್ಲಿ. ಮಿಕ್ಸಿ ಆಯ್ತು, ವಾಷಿಂಗ್ ಮೆಷಿನ್ ಆಯ್ತು, ಈ ಸಲ ಕಾರು. ಕಾರು ಅಂದರೆ ಮಾರುತಿ 800. 1983ರ ಡಿಸೆಂಬರಲ್ಲಿ ದೇಶದ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆಯೇ ನಿಂತುಹೋದ ಗಾಡಿ. ನಮ್ಮದು ಹದಿನೈದು ವರ್ಷ ದಾಟಿ, ಹಸಿರು ತೆರಿಗೆ ಕಟ್ಟಿಸಿಕೊಂಡು, ಎಫ್‌ಸಿ ಅಂದರೆ ಫಿಟ್‌ನೆಸ್ ಪರೀಕ್ಷೆ ಪಾಸಾಗಿ ಮರುಜನ್ಮ ಪಡೆದದ್ದು. 796 ಸಿಸಿ, ಮೂರು ಸಿಲಿಂಡರ್. ಪವರ್ ಸ್ಟೀರಿಂಗ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಓಡಿಸುವವಳು ನನ್ನ ಹೆಂಡತಿ. ನಾನು ಎಡಗಡೆ ಕೂತು, ಇಲ್ಲದ ಬ್ರೇಕ್ ಒತ್ತುವವನು.

ಬಾಮೈದನಿಗೆ ಮೊದಲು ಹಿಡಿಸಿದ್ದು ಕ್ವಿಕ್ ರಿಲೀಸ್ ಅನ್ನುವ ಸಾಮಾನು. ರೇಸ್ ಕಾರುಗಳಲ್ಲಿ ಇರುತ್ತದೆ. ಒತ್ತಿ ಎಳೆದರೆ ಸ್ಟೀರಿಂಗ್ ಕೈಗೇ ಬರುತ್ತದೆ.

"ಕಳ್ಳರ ಕಾಟವೇ ಇಲ್ಲ ಅಕ್ಕ. ಇಳಿಯೋವಾಗ ಸ್ಟೀರಿಂಗ್ ಬಿಚ್ಕೊಂಡು ಹೋಗ್ತಾ ಇರೋದು."

"ಎಲ್ಲಿಗೆ? ಗಾಂಧಿ ಬಜಾರಲ್ಲಿ ಒಂದು ಕೈಲಿ ತರಕಾರಿ ಚೀಲ, ಇನ್ನೊಂದು ಕೈಲಿ ಸ್ಟೀರಿಂಗ್ ಹಿಡ್ಕೊಂಡು ಹೂವು ಚೌಕಾಸಿ ಮಾಡ್ಲೇನೋ?"

ಹಾಗಾಗಿ ಆ ಯೋಚನೆ ಅಲ್ಲಿಗೇ ಬಿತ್ತು. ಆದರೆ ಅವನು ಜೆ.ಸಿ. ರಸ್ತೆಗೆ ಹೋಗುವುದನ್ನು ತಡೆಯಲು ಆಗಲಿಲ್ಲ. ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆಗೆ ಸಾಲುಸಾಲು ಸ್ಪೇರ್ ಪಾರ್ಟ್ಸ್ ಅಂಗಡಿಗಳು. ಅದೇ ರಸ್ತೆಯಲ್ಲಿ ರವೀಂದ್ರ ಕಲಾಕ್ಷೇತ್ರವೂ ಇದೆ. ಒಳಗಿನ ನಾಟಕಕ್ಕೆ ಟಿಕೆಟ್ ಉಂಟು. ಸೀಟ್ ಕವರ್ ರೇಟಿನ ಮೇಲೆ ಹೊರಗೆ ನಡೆಯುವ ನಾಟಕ ಪುಕ್ಕಟೆ. ಅಲ್ಲಿಂದ ಬಾಮೈದ ತಂದದ್ದು ಹದಿನಾಲ್ಕು ಇಂಚಿನ ಸ್ಪೋರ್ಟ್ಸ್ ಸ್ಟೀರಿಂಗ್. ಕಪ್ಪು ರೆಕ್ಸಿನ್, ಕೆಂಪು ಹೊಲಿಗೆ. ಜೊತೆಗೆ ಅದನ್ನು ನಮ್ಮ ಗಾಡಿಗೆ ಕೂರಿಸಲು ಒಂದು ಬಾಸ್ ಕಿಟ್.

ಅಂಗಡಿಯವನು ಕೇಳಿದ್ದು ಒಂದೇ ಪ್ರಶ್ನೆಯಂತೆ. "ಏರ್‌ಬ್ಯಾಗ್ ಇದ್ಯಾ?" ಇಲ್ಲ ಅಂದ ಮೇಲೇ ಕಿಟ್ ಕೈಗೆ ಕೊಟ್ಟನಂತೆ. ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ. ಸ್ಟೀರಿಂಗ್ ಒಳಗೇ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಈ ಆಟ ಆಡುವಂತಿಲ್ಲ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ಬಿಚ್ಚಿದರೂ ಒಳಗಿನ ಕೆಪಾಸಿಟರಿನಲ್ಲಿ ಕರೆಂಟು ಸ್ವಲ್ಪ ಹೊತ್ತು ಉಳಿದಿರುತ್ತದೆ. ಅದಕ್ಕೇ ಕಾಯಬೇಕು. ಆಮೇಲೆ ಹಳದಿ ಕನೆಕ್ಟರ್ ಬಿಡಿಸಬೇಕು. ಏರ್‌ಬ್ಯಾಗ್ ವೈರಿಗೆ ಹಳದಿ ಬಣ್ಣ ಕೊಟ್ಟಿರುವುದೇ ಹುಷಾರು ಅನ್ನುವುದಕ್ಕೆ. ಅದರ ಹಿಂದೆ ಕ್ಲಾಕ್ ಸ್ಪ್ರಿಂಗ್ ಅಂತ ಒಂದಿರುತ್ತದೆ, ಚಕ್ಕುಲಿಯ ಹಾಗೆ ಸುತ್ತಿಕೊಂಡ ತೆಳ್ಳನೆ ರಿಬ್ಬನ್ ವೈರು. ಕೈ ತಪ್ಪಿ ಅದನ್ನು ತಿರುಗಿಸಿಬಿಟ್ಟರೆ ಆಮೇಲೆ ಒಂದು ದಿನ ಸ್ಟೀರಿಂಗ್ ತಿರುವುವಾಗ ಪಟ್ ಅಂತ ಹರಿಯುತ್ತದೆ. ಏರ್‌ಬ್ಯಾಗ್ ಉಬ್ಬಿಕೊಳ್ಳಲು ಸೆಕೆಂಡಿನ ನೂರರಲ್ಲಿ ಕೆಲವೇ ಭಾಗ ಸಾಕು. ಕಣ್ಣು ಮಿಟುಕಿಸುವುದರೊಳಗೆ ಅಂತೀವಲ್ಲ, ಇಲ್ಲಿ ಅದು ಅಕ್ಷರಶಃ ನಿಜ. ನಮ್ಮ 800ರಲ್ಲಿ ಇದ್ಯಾವುದೂ ಇಲ್ಲದ್ದಕ್ಕೆ ಬಾಮೈದನ ಮೂಗು ಇವತ್ತಿಗೂ ಮುಖದ ಮೇಲಿದೆ.

ಮೂಗಿನ ವಿಷಯಕ್ಕೆ ಬರುತ್ತೇನೆ.

ಭಾನುವಾರ ತಿಂಡಿ ಮುಗಿಸಿ, ಮನೆ ಮುಂದಿನ ಇಳಿಜಾರಿನಲ್ಲಿ ಕೆಲಸ ಶುರು ಮಾಡಿದ. "ಎರಡು ನಿಮಿಷದ ಕೆಲಸ ಭಾವ, ನೀವು ಕಾಫಿ ಕುಡೀರಿ." ಮಧ್ಯದ ಹಾರ್ನ್ ಮುಚ್ಚಳ ಎತ್ತಿದ. ಅದರ ವೈರು ಯಾವುದೋ ಕಬ್ಬಿಣಕ್ಕೆ ತಾಗಿತು. ಹಳೇ ಗಾಡಿಯ ಹಾರ್ನ್ ಲೆಕ್ಕಾಚಾರ ಬಹಳ ಸರಳ. ಆ ವೈರು ಬಾಡಿಗೆ ಮುಟ್ಟಿದರೆ ಬಡಿದುಕೊಳ್ಳುತ್ತದೆ, ಬಿಟ್ಟರೆ ಸುಮ್ಮನಾಗುತ್ತದೆ. ಇವನು ಬಿಡಲಿಲ್ಲ. ಎರಡು ಬೀದಿ ಆಚೆಯವರೂ ಎದ್ದು ಬಂದರು.

ಮೊದಲು ಬಂದವರು ಎದುರುಮನೆ ರಾಯರು. ಕೆಇಬಿಯಲ್ಲಿ ರಿಟೈರಾದವರು. "ಬ್ಯಾಟರಿ ನೆಗೆಟಿವ್ ತೆಗ್ದೇನಪ್ಪಾ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ತಾವೇ ತೆಗೆದರು. ಬೀದಿ ತಣ್ಣಗಾಯಿತು. ಆದರೆ ಬಂದವರು ಯಾರೂ ವಾಪಸ್ ಹೋಗಲಿಲ್ಲ.

ಹಾರ್ನ್ ಮುಚ್ಚಳದ ಕೆಳಗೆ ಒಂದು ದೊಡ್ಡ ನಟ್ಟು. ಬಾಕ್ಸ್ ಸ್ಪ್ಯಾನರ್ ಹಾಕಿ ಸಡಿಲಿಸಬೇಕು. ಪೂರ್ತಿ ತೆಗೆಯಬಾರದು, ನಾಲ್ಕಾರು ಥ್ರೆಡ್ ಹಿಡಿದಿರುವಷ್ಟು ಬಿಟ್ಟು, ವೀಲನ್ನು ಆ ಕಡೆ ಈ ಕಡೆ ಅಲ್ಲಾಡಿಸಿ ಎಳೆಯಬೇಕು. ಬರದಿದ್ದರೆ ಪುಲ್ಲರ್ ಹಾಕಬೇಕು. ರಾಯರು ಇದನ್ನೆಲ್ಲ ಬಿಡಿಸಿ ಹೇಳುತ್ತಲೇ ಇದ್ದರು. ಅಷ್ಟರಲ್ಲಿ ಬಾಮೈದ ನಟ್ಟನ್ನು ಪೂರ್ತಿ ಬಿಚ್ಚಿ ಜೇಬಿಗೆ ಹಾಕಿಕೊಂಡಾಗಿತ್ತು. ಎರಡೂ ಕೈಯಲ್ಲಿ ವೀಲ್ ಹಿಡಿದ. ಎಳೆದ, ಬರಲಿಲ್ಲ. ಮಂಡಿಯನ್ನು ಡ್ಯಾಶ್‌ಬೋರ್ಡಿಗೆ ಕೊಟ್ಟು, ಉಸಿರು ಕಟ್ಟಿ ಎಳೆದ. ಈ ಸಲ ಬಂತು. ವೀಲು ಮೂಗಿಗೆ ಬಡಿಯಿತು, ತಲೆ ಹಿಂದಿನ ಸೀಟಿಗೆ ಬಡಿಯಿತು, ನಟ್ಟು ಜೇಬಿನಿಂದ ಹಾರಿ ಇಳಿಜಾರಿನಲ್ಲಿ ಉರುಳತೊಡಗಿತು. ಯಾರದೋ ಮಗು ಅದನ್ನು ಮೋರಿ ಹತ್ತಿರ ಹಿಡಿದು ತಂದುಕೊಟ್ಟಿತು. ಇಡೀ ದಿನದಲ್ಲಿ ಯಾರಾದರೂ ಮಾಡಿದ ಉಪಯೋಗದ ಕೆಲಸ ಅಂದರೆ ಅದೊಂದೇ.

ನಾನೂ ಬಗ್ಗಿ ನೋಡಿದೆ. ಹೆಬ್ಬೆರಳ ದಪ್ಪದ ಒಂದು ಉಕ್ಕಿನ ದಂಡ. ಸುತ್ತ ಸಣ್ಣ ಸಣ್ಣ ಹಲ್ಲು. ಹಲ್ಲಿನ ಸಂದಿಯಲ್ಲಿ ಕಪ್ಪಗೆ ಗಟ್ಟಿಯಾದ ಗ್ರೀಸು. ನನ್ನ ಹೆಂಡತಿ ಇಷ್ಟು ವರ್ಷ ಈ ಊರಿನ ಬಸ್ಸು, ಆಟೋ, ಹಸುಗಳಿಂದ ನಮ್ಮನ್ನು ಪಾರು ಮಾಡಿದ್ದು ಇದನ್ನು ನಂಬಿ. ವೀಲ್ ಎಳೆಯುವ ಮೊದಲೇ ದಂಡಕ್ಕೂ ವೀಲಿಗೂ ಒಂದೇ ಗೆರೆ ಬರುವಂತೆ ಗುರುತು ಹಾಕಬೇಕು, ವಾಪಸ್ ಅದೇ ಹಲ್ಲಿಗೆ ಕೂರಿಸಲು. ಇದನ್ನು ಮಾತ್ರ ಬಾಮೈದ ಮರೆತಿರಲಿಲ್ಲ. ಮಾರ್ಕರ್ ಸಿಗಲಿಲ್ಲ ಅಂತ ದೇವರಮನೆಯ ಕುಂಕುಮ ಕಲಸಿ ಗುರುತು ಹಾಕಿದ್ದ. ಆಯುಧ ಪೂಜೆ ಇವತ್ತೇನಾ ಅಂತ ಹಿಂದುಗಡೆಯಿಂದ ಯಾರೋ ಕೇಳಿದರು.

ಅಷ್ಟರಲ್ಲಿ ನೀರಿನ ಟ್ಯಾಂಕರ್ ಬಂತು.

ಬೆಂಗಳೂರಲ್ಲಿ ಆಂಬುಲೆನ್ಸಿಗೆ ದಾರಿ ಬಿಡುವ ಮೊದಲು ಯೋಚನೆ ಮಾಡುವವರಿದ್ದಾರೆ, ಟ್ಯಾಂಕರಿಗೆ ಇಲ್ಲ. ಮೂಲೆಮನೆಯವರು ನೀರಿಲ್ಲದೆ ಕೂತಿದ್ದರು. "ಗಾಡಿ ತೆಗೀರಿ ಸಾರ್" ಅಂದ ಡ್ರೈವರ್. ತೆಗೆಯುವುದು ಹೇಗೆ? ಸ್ಟೀರಿಂಗ್ ಟಾಪ್ ಮೇಲಿದೆ. ನಾಲ್ಕು ಜನ ಎತ್ತಿ ಪಕ್ಕಕ್ಕಿಡೋಣ ಅಂದರು ಒಬ್ಬರು. ಟೋಯಿಂಗ್ ಗಾಡಿ ಕರೆಯಿರಿ ಅಂದರು ಇನ್ನೊಬ್ಬರು. ರಾಯರು ಸ್ಪ್ಯಾನರಿನಲ್ಲಿ ದಂಡ ತಿರುಗಿಸಲು ನೋಡಿ ಕೈ ಕೆಂಪು ಮಾಡಿಕೊಂಡರು. ಟ್ಯಾಂಕರ್ ಡ್ರೈವರ್ ಸ್ವಲ್ಪ ಹೊತ್ತು ನಮ್ಮ ಮುಖ ನೋಡಿದ. ಇಳಿದು ಬಂದ. ಹೆಗಲ ಟವೆಲಿನಿಂದ ದಂಡದ ಗ್ರೀಸನ್ನು ಚೊಕ್ಕವಾಗಿ ಒರೆಸಿದ. ಹಳೇ ವೀಲನ್ನು ಹಲ್ಲಿನ ಮೇಲೆ ಸುಮ್ನೆ ಕೂರಿಸಿದ. "ತಳ್ಳಿ" ಅಂದ. ಕಾರು ಪಕ್ಕಕ್ಕೆ ಹೋಯಿತು. ವೀಲನ್ನು ಕಿತ್ತು ಬಾಮೈದನ ಕೈಗೆ ಕೊಟ್ಟು, ಟವೆಲು ಹೆಗಲಿಗೆ ಹಾಕಿಕೊಂಡು ಹೊರಟ. ಕುಂಕುಮ ಟವೆಲಿನ ಜೊತೆ ಹೋಯಿತು.

ಈಗ ನೇರ ಎಲ್ಲಿ? ಬಾಮೈದ ಮುಂದಿನ ಟೈರುಗಳನ್ನು ಕಣ್ಣಳತೆಯಲ್ಲಿ ನೇರ ಮಾಡಿ, ಬಾಸ್ ಕಿಟ್ ಕೂರಿಸಿ, ಹೊಸ ಸ್ಟೀರಿಂಗ್ ಬಿಗಿದ. ನೋಡಲು ಚೆನ್ನಾಗಿಯೇ ಇತ್ತು.

ಸಂಜೆ ಹೆಂಡತಿ ಓಡಿಸಿದಳು. ನೇರ ಹೋಗಬೇಕಾದರೆ ಸ್ಟೀರಿಂಗನ್ನು ಸ್ವಲ್ಪ ಬಲಕ್ಕೆ ವಾಲಿಸಿ ಹಿಡಿಯಬೇಕು. ಎಡಕ್ಕೆ ತಿರುಗಿಸಿದರೆ ಹಾರ್ನ್ ತಾನೇ ಹೊಡೆದುಕೊಳ್ಳುತ್ತದೆ, ಹಿತ್ತಾಳೆಯ ಕಾಂಟ್ಯಾಕ್ಟ್ ಎಲ್ಲೋ ಉಜ್ಜುತ್ತಿದೆ. ತಿರುವು ಮುಗಿದ ಮೇಲೆ ಇಂಡಿಕೇಟರ್ ಕಡ್ಡಿಯನ್ನು ವಾಪಸ್ ತಳ್ಳುವ ಗೂಟ ಕಿಟ್‌ನಲ್ಲಿ ಸರಿ ಕೂತಿಲ್ಲ. ರಾಮಕೃಷ್ಣ ಆಶ್ರಮದ ಹತ್ತಿರ ಹಾಕಿದ ಇಂಡಿಕೇಟರ್ ನ್ಯಾಷನಲ್ ಕಾಲೇಜಿನವರೆಗೂ ಮಿನುಗುತ್ತಿತ್ತು. ಹಿಂದಿನವರು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಈ ಊರಲ್ಲಿ ಇಂಡಿಕೇಟರ್ ನಂಬಿ ಗಾಡಿ ಓಡಿಸುವವರು ಕಡಿಮೆ. ಹಾರ್ನಿನಿಂದ ಲಾಭವೇ ಆಯಿತು ಅನ್ನಬೇಕು, ಎಡ ತಿರುವುಗಳಲ್ಲಿ ಜನ ತಾವಾಗಿ ಸರಿದರು.

ಪೆಟ್ಟು ಬಿದ್ದದ್ದು ತೋಳಿಗೆ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಯಲ್ಲಿ ವೀಲು ಚಿಕ್ಕದಾದಷ್ಟೂ ತಿರುಗಿಸಲು ಬಲ ಜಾಸ್ತಿ ಬೇಕು. ಪಾರ್ಕಿಂಗ್ ಮಾಡಿ ಇಳಿದ ನನ್ನ ಹೆಂಡತಿ ತಮ್ಮನ ಕಡೆ ನೋಡಿದ ನೋಟಕ್ಕೆ ಅವನ ಮೂಗಿನ ಊತ ಅರ್ಧ ಇಳಿದಿರಬೇಕು.

ಟೈರುಗಳು ನೇರ ಇವೆಯಾ ಅಂತ ನೋಡುವ ಅಲೈನ್‌ಮೆಂಟ್ ಅಂಗಡಿಯವನು ದುಡ್ಡು ಇಸ್ಕೊಂಡು, "ಅಲೈನ್‌ಮೆಂಟ್ ಸರಿಯಾಗೇ ಇದೆ, ಸ್ಟೀರಿಂಗ್ ಒಂದು ಹಲ್ಲು ಸೊಟ್ಟ ಕೂತಿದೆ" ಅಂದ. ರಾಯರು ಕಾನೂನು ತೆಗೆದರು. "2019ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ ಕಣಯ್ಯ, ಕಂಪನಿ ಕೊಟ್ಟ ಗಾಡಿ ರೂಪ ಬದಲಾಯಿಸೋ ಹಾಗಿಲ್ಲ. ಮುಂದಿನ ಎಫ್‌ಸಿಗೆ ಏನ್ಮಾಡ್ತೀಯ?" ಬಾಮೈದನ ಹತ್ತಿರ ಇದಕ್ಕೆ ವಿಡಿಯೋ ಇರಲಿಲ್ಲ.

ಹಳೇ ಸ್ಟೀರಿಂಗ್ ವಾಪಸ್ ಬಂತು. ಕೂರಿಸಿದವನು ನಮ್ಮ ಮೆಕ್ಯಾನಿಕ್, ಟೀ ಬರುವುದರೊಳಗೆ. ಜೆ.ಸಿ. ರಸ್ತೆಯವನು ದುಡ್ಡು ವಾಪಸ್ ಇಲ್ಲ, ಬೇಕಾದರೆ ಎಕ್ಸ್‌ಚೇಂಜ್ ಅಂದನಂತೆ. ಬಾಮೈದ ಗೇರ್ ನಾಬ್ ಹಿಡಿದುಕೊಂಡು ಬಂದ. ಒಳಗೆ ಕೆಂಪು ಲೈಟು ಬೇರೆ ಇದೆ.

"ಇದಕ್ಕೆ ನಟ್ಟೂ ಇಲ್ಲ ಭಾವ, ಸುಮ್ನೆ ತಿರುಗಿಸಿದ್ರೆ ಬರುತ್ತೆ. ಅಕ್ಕಾ, ಕಾರ್ ಕೀ ಎಲ್ಲಿ?"

"ಊಟಕ್ಕೆ ಬಾ," ಅಂದಳು ಒಳಗಿನಿಂದ ಅಕ್ಕ. "ಬರೋವಾಗ ಆ ಸ್ಪ್ಯಾನರ್ ಸೆಟ್ಟನ್ನೂ ತಂದು ನನ್ನ ಕೈಗೆ ಕೊಡು."