ಅಡುಗೆಮನೆಯ ಓಡಾಟವೇ ವ್ಯಾಯಾಮ ಅಲ್ಲ

ಲಾಕ್‌ಡೌನ್‌ನಲ್ಲಿ ವಯಸ್ಸಾದ ಗಂಡಸರ ನಡಿಗೆ ನಿಂತುಹೋಯಿತು, ಹೆಂಗಸರು ಮನೆಕೆಲಸದಿಂದ ಚಟುವಟಿಕೆಯಾಗೇ ಇದ್ದರು ಅಂತ ಸಮೀಕ್ಷೆಯ ಬಗೆಗಿನ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಮೊದಲನೆಯದು ನಿಜ. ಎರಡನೆಯದನ್ನು ಒಪ್ಪುವುದು ಕಷ್ಟ.

ನಮ್ಮ ಅಪ್ಪ ಮೈಸೂರಿನಲ್ಲಿ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುತ್ತಿದ್ದರು. 2020ರ ಮಾರ್ಚ್‌ನಲ್ಲಿ ಅದು ನಿಂತಿತು. 65 ದಾಟಿದವರು ಮನೆಯಲ್ಲೇ ಇರಿ ಅಂತ ಸರ್ಕಾರವೇ ಹೇಳಿತ್ತು ಅಲ್ವಾ. ಜೊತೆಗಾರರ ಹರಟೆಯೂ ಇಲ್ಲ, ಟೀವಿ ಮುಂದೆ ಕೂತು ಕೂತು ಎರಡೇ ತಿಂಗಳಲ್ಲಿ ಶುಗರ್ ಏರಿತು. ಅದು ಎಲ್ಲರಿಗೂ ಕಂಡಿತು, ಹೇಳಿ ಹೇಳಿ ಟೆರೇಸಿನಲ್ಲಿ ನಡೆಸಿದೆವು.

ಅಮ್ಮನದು ಯಾರಿಗೂ ಕಾಣಲಿಲ್ಲ. ಮನೆಕೆಲಸದವರು ಬರುವಂತಿಲ್ಲ, ಎಲ್ಲರೂ ಮನೆಯಲ್ಲೇ, ಮೂರು ಹೊತ್ತು ಅಡುಗೆ, ರಾಶಿ ಪಾತ್ರೆ, ತಂದ ತರಕಾರಿಯನ್ನೆಲ್ಲ ತೊಳೆದು ಒಣಗಿಸುವುದು ಬೇರೆ. ಬೆಳಗಿನ ಪ್ರಾಣಾಯಾಮ ಬಿಟ್ಟೇಹೋಯಿತು. ಬಿಪಿ ಮಾತ್ರೆ ಮುಗಿದದ್ದನ್ನು ಹತ್ತು ದಿನ ಹೇಳಲೇ ಇಲ್ಲ, ಸುಮ್ನೆ ಮಗ ಯಾಕೆ ಹೊರಗೆ ಹೋಗಬೇಕು ಅಂತ.

ಮನೆಕೆಲಸವೂ ಲೆಕ್ಕಕ್ಕೆ ಬರುತ್ತದೆ, ಸರಿ. ಆದರೆ 65 ದಾಟಿದವರಿಗೆ ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ ಬೇಕು, ಜೊತೆಗೆ ಬೀಳದಂತೆ ಕಾಪಾಡುವ ಸಮತೋಲನದ ಮತ್ತು ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಮೂರು ದಿನವಾದರೂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಿಂಕ್ ಮುಂದೆ ಗಂಟೆಗಟ್ಟಲೆ ನಿಂತರೆ ಅದು ಸಿಗುವುದಿಲ್ಲ. ಅಮ್ಮನಿಗೆ ಮಂಡಿ ನೋವು ಜಾಸ್ತಿ ಆಯಿತು ಅಷ್ಟೇ, ಈಗಲೂ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾರೆ.

ದಯವಿಟ್ಟು ಇಂಥ ಸಮೀಕ್ಷೆ ಮಾಡುವವರು ಹೆಂಗಸರನ್ನು ಇನ್ನೊಂದು ಪ್ರಶ್ನೆ ಕೇಳಲಿ: ದಿನದಲ್ಲಿ ನಿಮಗೋಸ್ಕರ ಎಷ್ಟು ಹೊತ್ತು ಸಿಕ್ಕಿತು?