ಬಾರ್ನಮ್ ಹೇಳಿದ ಮಾತೇ ಅದು?

“ನಿಮಿಷಕ್ಕೊಬ್ಬ ಮೂರ್ಖ ಹುಟ್ಟುತ್ತಾನೆ” ಎಂದು 19ನೇ ಶತಮಾನದಲ್ಲಿ ಅಮೆರಿಕದಲ್ಲಿ ಟಿಕೆಟ್ ಮಾರಿ ಪ್ರದರ್ಶನ ನಡೆಸುತ್ತಿದ್ದ ಪಿ.ಟಿ. ಬಾರ್ನಮ್ ಹೇಳಿದನೆಂಬ ಸಂದೇಶ ಮತ್ತೆ ಹರಿದಾಡುತ್ತಿದೆ. ಅವನು ಹಾಗೆ ಹೇಳಿದ್ದಕ್ಕೆ ಪುರಾವೆಯೇ ಸಿಕ್ಕಿಲ್ಲ. ಅವನು ಜೀವನವಿಡೀ ಸರ್ಕಸ್ ನಡೆಸಿದ ಎಂಬ ನಂಬಿಕೆಯೂ ಸರಿಯಲ್ಲ. ಹೆಸರು, ಹಣ ಎರಡೂ ಬಂದದ್ದು 1841ರಲ್ಲಿ ಕೊಂಡ ನ್ಯೂಯಾರ್ಕಿನ ಮ್ಯೂಸಿಯಂನಿಂದ. ತನ್ನ ಹೆಸರಿನ ದೊಡ್ಡ ಸರ್ಕಸ್ ಶುರುವಾದಾಗ ವಯಸ್ಸು ಅರವತ್ತು. 1875ರಲ್ಲಿ ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್ ನಗರಕ್ಕೆ ಮೇಯರ್ ಆಗಿ, ನೀರು ಪೂರೈಕೆ ಸುಧಾರಿಸಲು, ಬೀದಿಗೆ ಗ್ಯಾಸ್ ದೀಪ ಹಾಕಿಸಲು ಓಡಾಡಿದ.

ಹಾಗೆಂದು ಅವನೇನೂ ಸಾಚಾ ಅಲ್ಲ. 1835ರಲ್ಲಿ ಜಾಯ್ಸ್ ಹೆತ್ ಎಂಬ ಗುಲಾಮ ವೃದ್ಧೆಯನ್ನು “ಜಾರ್ಜ್ ವಾಷಿಂಗ್ಟನ್‌ರನ್ನು ಸಾಕಿದ ದಾದಿ, ವಯಸ್ಸು 161” ಎಂದು ಪ್ರದರ್ಶನಕ್ಕಿಟ್ಟ. ಆಕೆ ಸತ್ತ ಮೇಲೆ ಶವಪರೀಕ್ಷೆ ನೋಡಲೂ ಟಿಕೆಟ್ ಮಾರಿದ! ವಯಸ್ಸು ಎಂಬತ್ತು ಮೀರಿರಲಾರದು ಎಂದರು, ಪರೀಕ್ಷಿಸಿದ ವೈದ್ಯರು.